ಹಳೆಯ ಸ್ವಿಚ್ಚು ಮತ್ತು ಲಿಯೊ ಬೇಕ್‌ಲ್ಯಾಂಡ್

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ನನಗೆ ಎಂಟನೆಯ ತರಗತಿಯ ಪ್ಲಾಸ್ಟಿಕ್‌ಗಳ ಪಾಠ ಬಂದಿತ್ತು. ಅಭ್ಯಾಸದ ಶಾಲೆ ಶಿವಾಜಿನಗರದ ಕಡೆಯದು. ಬಸ್ಸಿಳಿದು ಕಮರ್ಷಿಯಲ್ ಸ್ಟ್ರೀಟ್ ಹಾಯ್ದು ನಡೆದು ಹೋಗುತ್ತಿದ್ದೆ. ಬೆಳಗಿನ ಹೊತ್ತು ಅಲ್ಲಿನ ಬಟ್ಟೆ, ಚಪ್ಪಲಿ, ಆಭರಣದ ಅಂಗಡಿಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ. ಒಂದು ದಿನ ಹಳೆಯ ಅಂಗಡಿಯೊಂದರ ಒಳಭಾಗವನ್ನು ಕಿತ್ತು ಹೊಸದು ಮಾಡುವ ಕೆಲಸ ನಡೆದಿತ್ತು. ಹೊರಗೆ ಸುರಿದ ಗಾರೆ, ಮರದ ಪಟ್ಟಿ, ತಂತಿಗಳ ರಾಶಿಯಲ್ಲಿ ದುಂಡಗಿನ ಕಪ್ಪು ಸ್ವಿಚ್ಚುಗಳು ಬಿದ್ದಿದ್ದವು. ಕೆಲಸಗಾರರನ್ನು ಕೇಳಿ ಎರಡು ಸ್ವಿಚ್ಚು ಮತ್ತು ಒಂದು ಹಳೆಯ ಫ್ಯೂಸ್ ಹಿಡಿಕೆಯನ್ನು ಎತ್ತಿಕೊಂಡೆ. ಕಾಸಿಲ್ಲದೆ ಸಿಕ್ಕ ಪಾಠೋಪಕರಣ! ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಎಂದುಕೊಂಡೆ.

ಪಾಠಯೋಜನೆಯಲ್ಲಿ ನಾನು ಬರೆದ ಚಟುವಟಿಕೆ ಇದು: ಮೊದಲು ಸ್ವಿಚ್ಚಿನ ಅಂಚನ್ನು ಮೇಣದ ಬತ್ತಿಗೆ ಹಿಡಿದು ಅದು ಕರಗುವುದಿಲ್ಲ ಎಂದು ತೋರಿಸುವುದು, ಆಮೇಲೆ ಗರಗಸದಿಂದ ಅದನ್ನು ಎರಡಾಗಿ ಸೀಳಿ, ಒಳಗಿನ ರಚನೆಯನ್ನು ಮಕ್ಕಳಿಗೆ ಕೈಯಲ್ಲಿ ಕೊಡುವುದು. ಪಾಠಯೋಜನೆಯನ್ನು ನೋಡಿದ ನಮ್ಮ ಮಾರ್ಗದರ್ಶಿ ಉಪನ್ಯಾಸಕಿ ಆ ಸಾಲಿನ ಹತ್ತಿರ ಪೆನ್ಸಿಲು ನಿಲ್ಲಿಸಿದರು. ಮೂರು ಪ್ರಶ್ನೆ ಕೇಳಿದರು. ಈ ವಸ್ತು ಯಾವುದು? ಅದರೊಳಗೆ ಏನನ್ನು ಬೆರೆಸಿದ್ದಾರೆ? ಗರಗಸ ಹಾಕಿದಾಗ ಏಳುವ ಧೂಳನ್ನು ಉಸಿರಾಡುವವರು ಯಾರು? ಮೊದಲನೆಯದಕ್ಕೆ ಬೇಕಲೈಟ್ ಎಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರನೆಯದಕ್ಕೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಆ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು.

ಮೂರೂ ವಸ್ತುಗಳನ್ನು ಎರಡು ಪದರದ ಪಾರದರ್ಶಕ ಕವರಿನಲ್ಲಿ ಹಾಕಿ ಬಾಯಿ ಮುಚ್ಚಲು ಅವರು ಹೇಳಿದರು. ಚಟುವಟಿಕೆಯನ್ನು ಕೈಬಿಟ್ಟು, ಈ ವಸ್ತುವನ್ನು ಕಂಡುಹಿಡಿದವನ ಜೀವನಚರಿತ್ರೆಯ ಮೂಲಕ ಪಾಠ ಮಾಡುವಂತೆ ಸೂಚಿಸಿದರು. ಹಾಗೆ ನಾನು ಲಿಯೊ ಬೇಕ್‌ಲ್ಯಾಂಡ್‌ನ ಬದುಕನ್ನು ಓದಿದೆ. ತರಗತಿಯಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಲಿಯೊ ಹೆಂಡ್ರಿಕ್ ಬೇಕ್‌ಲ್ಯಾಂಡ್ ಹುಟ್ಟಿದ್ದು 1863ರ ನವೆಂಬರ್ 14ರಂದು, ಬೆಲ್ಜಿಯಂ ದೇಶದ ಗೆಂಟ್ ಪಟ್ಟಣದಲ್ಲಿ. ನಮ್ಮ ಮಕ್ಕಳ ದಿನಾಚರಣೆಯ ದಿನವೇ ಅವನ ಹುಟ್ಟುಹಬ್ಬ ಎಂದಾಗ ತರಗತಿಯಲ್ಲಿ ನಗು ಎದ್ದಿತು. ಆ ತಾರೀಕನ್ನು ಯಾರೂ ಮರೆಯಲಿಲ್ಲ. ತಂದೆ ಚಪ್ಪಲಿ ರಿಪೇರಿ ಮಾಡುವವರು. ತಾಯಿ ಇತರರ ಮನೆಗಳಲ್ಲಿ ಕೆಲಸ ಮಾಡಿದವರು. ಮಗ ಬೇಗ ಕಸುಬು ಕಲಿತು ದುಡಿಯಲಿ ಎಂಬುದು ತಂದೆಯ ಇಚ್ಛೆ, ಓದಲಿ ಎಂಬುದು ತಾಯಿಯ ಹಟ. ತಾಯಿಯ ಹಟ ಗೆದ್ದಿತು. ಹಗಲು ಶಾಲೆ, ಸಂಜೆ ಪುರಸಭೆಯ ತಾಂತ್ರಿಕ ಶಾಲೆ. ಹುಡುಗನಿಗೆ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಅದಕ್ಕೆ ಬೇಕಾದ ಬೆಳ್ಳಿಯ ಲವಣ ಕೊಳ್ಳಲು ಹಣವಿರಲಿಲ್ಲ. ತಂದೆ ಕೊಟ್ಟ ಗಡಿಯಾರದ ಬೆಳ್ಳಿಯ ಸರಪಳಿಯನ್ನೇ ಆಮ್ಲದಲ್ಲಿ ಕರಗಿಸಿ ಅವನು ಆ ಲವಣ ಮಾಡಿಕೊಂಡ ಪ್ರಸಂಗ ಪ್ರಸಿದ್ಧವಾಗಿದೆ.

ವಿದ್ಯಾರ್ಥಿವೇತನದ ನೆರವಿನಿಂದ ಗೆಂಟ್ ವಿಶ್ವವಿದ್ಯಾಲಯ ಸೇರಿದ ಬೇಕ್‌ಲ್ಯಾಂಡ್ 1884ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. ಆಗ ವಯಸ್ಸು ಇನ್ನೂ 21 ತುಂಬುವುದರಲ್ಲಿತ್ತು. ಮುಂದಿನ ಸಂಗತಿ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಹತ್ತಿರದ್ದು. 1887ರಿಂದ 1889ರವರೆಗೆ ಅವನು ಬ್ರೂಜ್ ನಗರದ ಸರ್ಕಾರಿ ಉನ್ನತ ನಾರ್ಮಲ್ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಲಿಸಿದ. ನಾರ್ಮಲ್ ಶಾಲೆ ಎಂದರೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆ. ನಮ್ಮಲ್ಲೂ ಹಳೆಯ ತಲೆಮಾರಿನವರು ಶಿಕ್ಷಕರ ತರಬೇತಿ ಶಾಲೆಯನ್ನು ಹಾಗೆಯೇ ಕರೆಯುತ್ತಿದ್ದರು. ಬೇಕಲೈಟಿನ ಜನಕನೂ ಒಮ್ಮೆ ಶಿಕ್ಷಕರ ಶಿಕ್ಷಕನಾಗಿದ್ದ ಎಂದು ಓದಿದಾಗ ನನಗೆ ಅವನ ಮೇಲೆ ವಿಶೇಷ ಸಲಿಗೆ ಹುಟ್ಟಿತು.

1889ರಲ್ಲಿ ತನ್ನ ಗುರುವಿನ ಮಗಳು, ಚಿತ್ರಕಾರ್ತಿ ಸೆಲಿನ್ ಸ್ವಾರ್ಟ್ಸ್‌ಳನ್ನು ಮದುವೆಯಾದ. ಸ್ಪರ್ಧೆಯೊಂದರಲ್ಲಿ ಗೆದ್ದ ಪ್ರವಾಸ ವೇತನದ ಮೇಲೆ ದಂಪತಿ ಅಮೆರಿಕಕ್ಕೆ ಹೋದರು, ಅಲ್ಲಿಯೇ ನಿಂತರು. ಮೊದಲು ಒಂದು ಫೋಟೋ ಸಾಮಗ್ರಿ ಕಂಪನಿಯಲ್ಲಿ ನೌಕರಿ. ಆಮೇಲೆ ಸ್ವಂತ ಸಲಹೆಗಾರಿಕೆ. ಕೈಗೆ ಸಿಕ್ಕ ಹತ್ತು ಕೆಲಸಗಳನ್ನು ಒಟ್ಟಿಗೆ ಹಚ್ಚಿಕೊಂಡು ಯಾವುದೂ ಮುಗಿಯಲಿಲ್ಲ. ಜೊತೆಗೆ ಕಾಯಿಲೆ, ಕೈಯಲ್ಲಿ ಹಣವಿಲ್ಲದ ದಿನಗಳು. ಹಾಸಿಗೆ ಹಿಡಿದಿದ್ದಾಗಲೇ ಒಂದು ಕೆಲಸವನ್ನು ಆರಿಸಿ ಅದನ್ನೇ ಕೊನೆಗಾಣಿಸಬೇಕೆಂದು ನಿಶ್ಚಯಿಸಿದ. ಆರಿಸಿದ್ದು ವೆಲಾಕ್ಸ್ ಎಂಬ ಫೋಟೋ ಕಾಗದ. ಅದುವರೆಗೆ ಚಿತ್ರ ಮುದ್ರಿಸಲು ಬಿಸಿಲು ಕಾಯಬೇಕಿತ್ತು. ವೆಲಾಕ್ಸ್ ಕಾಗದಕ್ಕೆ ದೀಪದ ಬೆಳಕು ಸಾಕಾಯಿತು. 1899ರಲ್ಲಿ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್ ಅದರ ಹಕ್ಕನ್ನು ಕೊಂಡರು. ಬೆಲೆ ಏಳೂವರೆ ಲಕ್ಷ ಡಾಲರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಮೂವತ್ತಾರನೆಯ ವಯಸ್ಸಿಗೇ ಕೂತು ತಿನ್ನುವಷ್ಟು ಸಂಪತ್ತು ಬಂತು. ಆದರೆ ಬೇಕ್‌ಲ್ಯಾಂಡ್ ಕೂರಲಿಲ್ಲ. ಮಾರಾಟದ ಕರಾರಿನಂತೆ ಫೋಟೋ ಕ್ಷೇತ್ರಕ್ಕೆ ಮರಳುವಂತಿರಲಿಲ್ಲ. ಹಾಗಾಗಿ ಡಾಕ್ಟರೇಟ್ ಪಡೆದ ಮನುಷ್ಯ 1900ರಲ್ಲಿ ಜರ್ಮನಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ವಿದ್ಯುತ್ ರಸಾಯನಶಾಸ್ತ್ರ ಕಲಿತ. ವಾಪಸು ಬಂದು ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ತನ್ನ ಮನೆಯ ಆವರಣದಲ್ಲೇ ಪ್ರಯೋಗಶಾಲೆ ಕಟ್ಟಿಕೊಂಡ.

ಈಗ ಸ್ವಲ್ಪ ನಮ್ಮ ಊರಿಗೆ ಬರಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪ ಬೆಳಗಿತು. ಲೋಕದ ಊರೂರುಗಳಲ್ಲಿ ಇದೇ ನಡೆಯುತ್ತಿದ್ದ ಕಾಲ ಅದು. ತಂತಿ ಎಳೆದರೆ ಸಾಲದು, ತಂತಿಯನ್ನು ಮುಟ್ಟುವ ಕೈಯನ್ನು ಕಾಯುವ ನಿರೋಧಕ ವಸ್ತುವೂ ಬೇಕು. ಪಿಂಗಾಣಿ, ಮರ, ರಬ್ಬರ್ ಇದ್ದವು. ಇವುಗಳ ಜೊತೆ ಬಹಳ ಬೇಡಿಕೆಯಿದ್ದದ್ದು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಮರದ ಕೊಂಬೆಯ ಮೇಲೆ ಸಣ್ಣ ಕೀಟಗಳು ಸುರಿಸುವ ಅಂಟು ಅದು. ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಕೀಟಗಳು ತಮ್ಮ ವೇಗದಲ್ಲಿ ಕೆಲಸ ಮಾಡುತ್ತವೆ, ವಿದ್ಯುತ್ ಕಂಪನಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೆಲೆ ಏರಿತು. ಅರಗಿಗೆ ಬದಲಿ ವಸ್ತುವನ್ನು ಹುಡುಕುವುದೇ ಬೇಕ್‌ಲ್ಯಾಂಡ್ ಕೈಗೆತ್ತಿಕೊಂಡ ಸಮಸ್ಯೆ.

ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳು ಸೇರಿದರೆ ಗಟ್ಟಿ ಅಂಟು ಉಂಟಾಗುತ್ತದೆ. ಈ ಬಗೆಯ ಅಂಟನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1872ರಲ್ಲೇ ಕಂಡಿದ್ದರು. ಆದರೆ ಅದು ಪಾತ್ರೆಯ ತಳಕ್ಕೆ ಅಂಟಿ, ಏನು ಮಾಡಿದರೂ ಬಿಡದ ಕಸವಾಗಿತ್ತು. ಯಾವ ದ್ರವದಲ್ಲೂ ಕರಗದ, ಶಾಖಕ್ಕೂ ಬಗ್ಗದ ಆ ಕಸವೇ ನಮಗೆ ಬೇಕಾದ ವಸ್ತು ಎಂದು ಬೇಕ್‌ಲ್ಯಾಂಡ್‌ಗೆ ಹೊಳೆಯಿತು. ತೊಂದರೆಯೆಂದರೆ, ಬಿಸಿ ಮಾಡಿದಾಗ ಆವಿ ಎದ್ದು ವಸ್ತುವೆಲ್ಲ ನೊರೆನೊರೆಯಾಗುತ್ತಿತ್ತು. ಇತರರು ನೊರೆ ಬಾರದಿರಲೆಂದು ಶಾಖ ಕಡಿಮೆ ಮಾಡಿದ್ದರು. ಬೇಕ್‌ಲ್ಯಾಂಡ್ ಶಾಖ ಹೆಚ್ಚಿಸಿದ, ಜೊತೆಗೆ ಒತ್ತಡವನ್ನೂ ಹಾಕಿದ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ವವೇ. ಒತ್ತಡ ಗುಳ್ಳೆಗಳನ್ನು ಏಳಗೊಡಲಿಲ್ಲ. ಪಾತ್ರೆಯಿಂದ ಗಟ್ಟಿಯಾದ, ನುಣುಪಾದ, ಅಚ್ಚಿನ ಆಕಾರದ್ದೇ ಆದ ವಸ್ತು ಹೊರಬಂತು. ಇದು 1907ರ ಬೇಸಿಗೆ. ಜುಲೈನಲ್ಲಿ ಪೇಟೆಂಟ್ ಅರ್ಜಿ ಹಾಕಿದ. 1909ರ ಫೆಬ್ರವರಿಯಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಬೇಕಲೈಟನ್ನು ಪ್ರಕಟಿಸಿದ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು.

ಈ ಹಂತದಲ್ಲಿ ಮಕ್ಕಳಿಗೆ ಮೇಣ ಮತ್ತು ಇಡ್ಲಿಯ ಉದಾಹರಣೆ ಕೊಟ್ಟೆ. ಮೇಣ ಎಷ್ಟು ಸಲ ಕರಗಿಸಿದರೂ ಮತ್ತೆ ಗಟ್ಟಿಯಾಗುತ್ತದೆ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲು ಆಗದು. ಬೇಕಲೈಟ್ ಇಡ್ಲಿಯ ಜಾತಿ. ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ ಎಂಬ ಪದ ಅದಾದ ಮೇಲೆ ಕಪ್ಪು ಹಲಗೆಗೆ ಬಂತು.

ಇನ್ನು ಉಪನ್ಯಾಸಕಿಯವರ ಎರಡನೆಯ ಪ್ರಶ್ನೆ. ಬೇಕಲೈಟ್ ಬರಿಯ ಅಂಟಿನಿಂದ ಆದದ್ದಲ್ಲ. ಅಂಟು ಮಾತ್ರವಿದ್ದರೆ ಅದು ಬೇಗ ಸೀಳುತ್ತದೆ, ದುಬಾರಿಯೂ ಹೌದು. ಗಾರೆಗೆ ಮರಳು ಬೆರೆಸುವಂತೆ ಇದಕ್ಕೂ ಪೂರಕ ಪುಡಿ ಬೇಕು. ಬೇಕ್‌ಲ್ಯಾಂಡ್ ತನ್ನ ಪ್ರಯೋಗಗಳಲ್ಲಿ ಮರದ ನಾರನ್ನೂ ಬೆರೆಸಿದ, ಆಸ್‌ಬೆಸ್ಟಾಸನ್ನೂ ಬೆರೆಸಿದ. ಮುಂದೆ ಸಾಮಾನ್ಯ ವಸ್ತುಗಳಿಗೆ ಮರದ ಪುಡಿ ಬೆರೆಸುವುದು ರೂಢಿಯಾಯಿತು. ಹೆಚ್ಚು ಶಾಖ ತಾಳಬೇಕಾದ ಕಡೆ ಆಸ್‌ಬೆಸ್ಟಾಸ್ ಬಂತು. ಕೆಲವು ಹಳೆಯ ಫ್ಯೂಸ್ ಹಿಡಿಕೆಗಳಲ್ಲಿ ಅದು ಪ್ಲಾಸ್ಟಿಕ್ಕಿನ ಒಳಗಲ್ಲದೆ ಹೊರಗೂ ಇರುತ್ತದೆ: ಫ್ಯೂಸ್ ತಂತಿ ಸುಟ್ಟಾಗ ಹಾರುವ ಕಿಡಿ ಕೈಗೆ ತಾಗದಿರಲೆಂದು ತಂತಿಯ ಬಳಿ ಬಿಳಿ ಬತ್ತಿಯಂಥ ಅಥವಾ ಬಟ್ಟೆಯಂಥ ಮೆತ್ತೆ. ನಾನು ಎತ್ತಿಕೊಂಡು ಬಂದ ಹಿಡಿಕೆಯಲ್ಲೂ ಅಂಥದೊಂದು ಬಿಳಿ ಮೆತ್ತೆಯಿತ್ತು, ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

ಆಸ್‌ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂಬ ಪದವಿದೆ. ಇಡೀ ಪಾಠ ಆ ಪದದಲ್ಲೇ ಇದೆ. ಅದು ಕಲ್ಲು, ಆದ್ದರಿಂದ ಸುಡುವುದಿಲ್ಲ. ಅದು ನಾರು, ಆದ್ದರಿಂದ ನೂಲಬಹುದು, ನೇಯಬಹುದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲ ಬಂಡೆಗಳಲ್ಲೂ ಅದು ಸಿಗುತ್ತದೆ. ಆದರೆ ಈ ನಾರು ಒಡೆಯುತ್ತಾ ಹೋದಂತೆ ಕಣ್ಣಿಗೆ ಕಾಣದಷ್ಟು ಸಪೂರವಾಗುತ್ತದೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದರೆ ದೇಹ ಅದನ್ನು ಕರಗಿಸಲಾರದು, ಹೊರಹಾಕಲೂ ಕಷ್ಟ. ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಯ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇದರಿಂದ ಬರುತ್ತವೆ. ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹದಿಮೂರರ ಹುಡುಗ ಇಂದು ಉಸಿರಾಡಿದ್ದರ ಫಲ ಅವನ ನಡುವಯಸ್ಸಿನಲ್ಲಿ ಬರಬಹುದು. ಆಗ ಈ ತರಗತಿಯ ನೆನಪೂ ಅವನಿಗೆ ಇರುವುದಿಲ್ಲ.

1910ರಲ್ಲಿ ಬೇಕ್‌ಲ್ಯಾಂಡ್ ಜನರಲ್ ಬೇಕಲೈಟ್ ಕಂಪನಿ ಸ್ಥಾಪಿಸಿದ. ಟೆಲಿಫೋನು, ರೇಡಿಯೊ, ಸ್ವಿಚ್ಚು, ಹಿಡಿಕೆ, ಗುಂಡಿ, ಹೀಗೆ ಬೇಕಲೈಟ್ ಇಲ್ಲದ ಮನೆ ಇಲ್ಲವೆಂಬಂತಾಯಿತು. 1924ನೆಯ ಇಸವಿ ಅವನ ಕೀರ್ತಿಯ ಶಿಖರ. ಆ ವರ್ಷ ಅವನು ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ. ಸೆಪ್ಟೆಂಬರಿನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂತು.

ಅದೇ 1924ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೆಲ್ಲಿ ಕರ್ಷಾ ಎಂಬ 33 ವರ್ಷದ ಹೆಂಗಸು ತೀರಿಕೊಂಡರು. ಕಲ್ನಾರನ್ನು ನೂಲುವ ಕಾರ್ಖಾನೆಯಲ್ಲಿ ದುಡಿದವರು. ವಿಲಿಯಂ ಕುಕ್ ಎಂಬ ವೈದ್ಯರು ಅವರ ಶ್ವಾಸಕೋಶವನ್ನು ಪರೀಕ್ಷಿಸಿ, ಅದರಲ್ಲಿ ಕಲ್ನಾರಿನ ಕಣಗಳನ್ನು ಕಂಡು, ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮುಂದೆ ಆ ರೋಗಕ್ಕೆ ಹೆಸರು ಬಂದದ್ದು ಅಲ್ಲಿಂದ. ನೆಲ್ಲಿ ಮುಟ್ಟುತ್ತಿದ್ದದ್ದು ಬೇಕಲೈಟನ್ನಲ್ಲ, ಹಸಿ ಕಲ್ನಾರನ್ನು. ಅವರ ಸಾವನ್ನು ಬೇಕ್‌ಲ್ಯಾಂಡ್‌ನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಎರಡು ಬದುಕನ್ನೂ ಒಂದೇ ಹಲಗೆಯ ಮೇಲೆ ಬರೆಯದೆ ಆ ಇಸವಿಯ ಕಥೆ ಪೂರ್ಣವಾಗುವುದಿಲ್ಲ ಎಂದು ನನಗೆ ಅನ್ನಿಸಿತು.

ಎಚ್ಚರಿಕೆಯ ಮಾತು ಅದಕ್ಕೂ ಮೊದಲೇ ಅಚ್ಚಾಗಿತ್ತು. ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರ ವರದಿಯಲ್ಲಿಯೇ ಕಲ್ನಾರಿನ ಧೂಳಿನ ಅಪಾಯವನ್ನು ದಾಖಲಿಸಿದ್ದರು. ಧೂಳಿನ ನಿಯಂತ್ರಣಕ್ಕೆ ನಿಯಮ ಬಂದದ್ದು 1931ರಲ್ಲಿ. ನಡುವೆ 33 ವರ್ಷ ಕಳೆದವು.

ಬೇಕ್‌ಲ್ಯಾಂಡ್ 1939ರಲ್ಲಿ ಕಂಪನಿಯನ್ನು ಯೂನಿಯನ್ ಕಾರ್ಬೈಡ್‌ಗೆ ಮಾರಿ ನಿವೃತ್ತನಾದ. ಕೊನೆಗಾಲದಲ್ಲಿ ಜನರಿಂದ ದೂರವಾಗಿ, ಡಬ್ಬಿಯಲ್ಲಿ ಬರುವ ಆಹಾರವನ್ನೇ ತಿನ್ನುತ್ತಾ ಒಂಟಿತನವನ್ನು ಬಯಸಿದ. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ತೀರಿಕೊಂಡ. ಕಲ್ನಾರಿಗೂ ಮೀಸೋಥೀಲಿಯೋಮಕ್ಕೂ ಇರುವ ನಂಟನ್ನು ದಕ್ಷಿಣ ಆಫ್ರಿಕದ ವೈದ್ಯರು ಸ್ಪಷ್ಟವಾಗಿ ತೋರಿಸಿದ್ದು 1960ರಲ್ಲಿ. ಅಷ್ಟರಲ್ಲಿ ಅವನು ಸತ್ತು 16 ವರ್ಷವಾಗಿತ್ತು. ಅವನ ಸ್ವಿಚ್ಚುಗಳು ಮಾತ್ರ ಗೋಡೆಗಳ ಮೇಲೆ ಕೆಲಸ ಮಾಡುತ್ತಲೇ ಇದ್ದವು.

ಜೀವನಚರಿತ್ರೆ ಮುಗಿಸಿ ಮೌಲ್ಯಮಾಪನದ ಪ್ರಶ್ನೆಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ತನ್ನ ತಂದೆ ಗುಜರಿ ಕೆಲಸ ಮಾಡುತ್ತಾರೆ, ಹಳೆಯ ಸ್ವಿಚ್ಚು, ಪ್ಲಗ್ಗು, ಫ್ಯೂಸುಗಳನ್ನು ಸುತ್ತಿಗೆಯಿಂದ ಒಡೆದು ಹಿತ್ತಾಳೆ ಬೇರೆ ಮಾಡುತ್ತಾರೆ, ಸಂಜೆ ತಾನೂ ತಂಗಿಯೂ ಜೊತೆಗೆ ಕೂರುತ್ತೇವೆ ಎಂದ. ಹಾಗಾದರೆ ನಮಗೆ ಏನಾಗುತ್ತದೆ ಎಂದು ಕೇಳಿದ. ತರಗತಿ ಸುಮ್ಮನಾಯಿತು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

ಹೆದರಿಸಬಾರದು, ಸುಳ್ಳು ಸಮಾಧಾನವನ್ನೂ ಹೇಳಬಾರದು. ತಿಳಿದದ್ದನ್ನು ಒಂದೊಂದಾಗಿ ಹೇಳಿದೆ. ಎಲ್ಲ ಹಳೆಯ ಸ್ವಿಚ್ಚಿನಲ್ಲೂ ಕಲ್ನಾರು ಇರುವುದಿಲ್ಲ. ಬಹಳಷ್ಟರಲ್ಲಿ ಇರುವುದು ಮರದ ಪುಡಿ. ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯದು, ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಮಾತ್ರ ತಿಳಿಯುತ್ತದೆ. ಇದ್ದರೂ, ಒಡೆಯದ ಬೇಕಲೈಟಿನಲ್ಲಿ ನಾರು ಅಂಟಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ; ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತುವುದರಿಂದ ಹೆದರಬೇಕಾದ್ದಿಲ್ಲ. ಗರಗಸ, ಡ್ರಿಲ್, ಅರ, ಸುತ್ತಿಗೆ, ಇವು ಬಂದಾಗ ನಾರು ಬಿಡುಗಡೆಯಾಗಬಹುದು. ಬಿಳಿ ಮೆತ್ತೆಯಿರುವ ಫ್ಯೂಸು ಇನ್ನೂ ಹೆಚ್ಚು ಅಪಾಯದ್ದು, ಏಕೆಂದರೆ ಅಲ್ಲಿ ನಾರನ್ನು ಹಿಡಿದಿಡುವ ಅಂಟಿಲ್ಲ. ಒಮ್ಮೆ ಉಸಿರಾಡಿದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಎಂದಲ್ಲ. ವರ್ಷಗಟ್ಟಲೆ, ದಿನವೂ ಉಸಿರಾಡುವವರಿಗೆ ಅಪಾಯ ಏರುತ್ತಾ ಹೋಗುತ್ತದೆ. ಆದ್ದರಿಂದ ಇಂದೇ ಕಡಿಮೆ ಮಾಡಿದರೂ ಅದು ಲಾಭವೇ.

ಆಮೇಲೆ ಹಲಗೆಯ ಮೇಲೆ ಮಕ್ಕಳೊಂದಿಗೆ ಸೇರಿ ಬರೆದದ್ದು ಇಷ್ಟು. ಹಿತ್ತಾಳೆಯ ಭಾಗಗಳು ಬಹುತೇಕ ಸ್ಕ್ರೂವಿನಿಂದ ಕೂತಿರುತ್ತವೆ. ಒಡೆಯುವ ಬದಲು ಬಿಚ್ಚಬೇಕು. ಬಿಳಿ ಮೆತ್ತೆ ಕಂಡರೆ ಕೀಳದೆ, ಒದ್ದೆ ಮಾಡಿ, ಎರಡು ಕವರಿನಲ್ಲಿ ಕಟ್ಟಿ ಬೇರೆ ಇಡಬೇಕು. ಕೆಲಸ ಮನೆಯೊಳಗೆ ಬೇಡ, ಮಕ್ಕಳು ಹತ್ತಿರ ಕೂರುವುದಂತೂ ಬೇಡವೇ ಬೇಡ. ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಯನ್ನು ಬೇರೆ ಒಗೆಯಬೇಕು. ಸುಡಬಾರದು. ಗೋಡೆಯಲ್ಲಿರುವ ಹಳೆಯ ಸ್ವಿಚ್ಚನ್ನು ಬದಲಿಸುವುದಾದರೆ ಮೇನ್ ಆರಿಸಿ, ತಿಳಿದ ಎಲೆಕ್ಟ್ರಿಷಿಯನ್ ಅದನ್ನು ಇಡಿಯಾಗಿ ಬಿಚ್ಚಬೇಕು.

ಒಂದು ವಾರದ ನಂತರ ಆ ಹುಡುಗ ಸಿಕ್ಕಿದ. ತಂದೆ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದಾರೆ, ಆದರೆ ತುಕ್ಕು ಹಿಡಿದ ಸ್ಕ್ರೂ ಬಂದರೆ ಸುತ್ತಿಗೆಯೇ, ತಂಗಿಯನ್ನು ಮಾತ್ರ ಹತ್ತಿರ ಬಿಡುವುದಿಲ್ಲ ಎಂದ. ತನ್ನ ಬಗ್ಗೆ ಹೇಳಲಿಲ್ಲ, ನಾನು ಕೇಳಿದಾಗ ನಕ್ಕು ಓಡಿದ. ನನ್ನ ಪಾಠದ ನಿಜವಾದ ಮೌಲ್ಯಮಾಪನ ಅದೇ: ಅರ್ಧ ಅಂಕ ಬಂತು, ಅರ್ಧ ಬಾಕಿ ಉಳಿಯಿತು. ಗುಜರಿ ಕೆಲಸಗಾರರಿಗೆ ತಿಳಿವಳಿಕೆಯನ್ನೂ ಒಳ್ಳೆಯ ಮುಖಗವಸನ್ನೂ ಮುಟ್ಟಿಸುವುದು ಒಬ್ಬ ಪ್ರಶಿಕ್ಷಣಾರ್ಥಿಯ ನಲವತ್ತು ನಿಮಿಷದ ಅವಧಿಯಲ್ಲಿ ಮುಗಿಯುವ ಕೆಲಸವಲ್ಲ.

ಮಿತ್ರರೇ, ಕಸದಿಂದ ರಸ ತೆಗೆಯಿರಿ ಎಂದು ನಮಗೆ ಕಲಿಸುತ್ತಾರೆ. ತೆಗೆಯೋಣ. ಆದರೆ ಬೀದಿಯಿಂದ ಎತ್ತಿಕೊಂಡ ಯಾವುದೇ ವಸ್ತುವನ್ನು ತರಗತಿಯಲ್ಲಿ ಒಡೆಯುವ, ಕೊಯ್ಯುವ, ಸುಡುವ ಮೊದಲು ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಶಾಖ ತಾಳುವುದನ್ನು ತೋರಿಸಲು ಕುಕ್ಕರಿನ ಹಿಡಿಕೆಯೊಂದು ಸಾಕು, ಅದನ್ನು ಕೊಯ್ಯಬೇಕಾದ್ದಿಲ್ಲ. ವಿಜ್ಞಾನಿಯ ಜೀವನಚರಿತ್ರೆ ಹೇಳುವಾಗಲೂ ಅವನು ಏನನ್ನು ಕಂಡುಹಿಡಿದ ಎಂಬಲ್ಲಿಗೆ ನಿಲ್ಲಿಸದೆ, ಅದರೊಳಗೆ ಏನು ಬೆರೆಯಿತು, ಅದು ಕೊನೆಗೆ ಯಾರ ಕೈಗೆ ಬಂತು ಎಂಬವರೆಗೂ ಹೋಗೋಣ.

ಆ ಎರಡು ಸ್ವಿಚ್ಚು ಮತ್ತು ಫ್ಯೂಸು ಈಗ ನಮ್ಮ ಕಾಲೇಜಿನ ವಿಜ್ಞಾನ ಕೊಠಡಿಯ ಕಪಾಟಿನಲ್ಲಿ, ಮುಚ್ಚಿದ ಕವರಿನಲ್ಲೇ ಇವೆ. ಮೇಲೆ ಚೀಟಿ ಅಂಟಿಸಿದ್ದೇನೆ: ನೋಡಿ, ತೆರೆಯಬೇಡಿ.